ಮಲೇರಿಯ ಕೆಂಪು ಮಣ್ಣಿನ ವಯಸ್ಸೆಷ್ಟು?

ಹೈದರಾಬಾದಿಗೆ ನೆಂಟರು ಬಂದರೆ ತೋರಿಸಬೇಕಾದ ಜಾಗಗಳ ಪಟ್ಟಿ ಎಲ್ಲರ ಮನೆಯಲ್ಲೂ ಒಂದೇ. ಚಾರ್ಮಿನಾರ್, ಸಾಲಾರ್ ಜಂಗ್, ಗೋಲ್ಕೊಂಡ, ನೌಬತ್ ಪಹಾಡಿನ ಬಿರ್ಲಾ ಮಂದಿರ. ಮಂದಿರದ ಪಕ್ಕದಲ್ಲೇ ಬಿರ್ಲಾ ವಿಜ್ಞಾನ ಸಂಗ್ರಹಾಲಯ ಇದೆ. ಅಲ್ಲಿ ನಿಂತಿರುವ ದೊಡ್ಡ ಡೈನೋಸಾರ್ ಅಸ್ಥಿಪಂಜರದ ಹೆಸರು ಕೋಟಾಸಾರಸ್. ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯ ಹತ್ತಿರ ಸಿಕ್ಕಿದ್ದು. ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಎಷ್ಟು ಸಲ ನೆಂಟರ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ "ಆದಿಲಾಬಾದಿನ ಕೆಂಪು ಮಣ್ಣಿನಲ್ಲಿ ಸಿಕ್ಕಿದ್ದು ನೋಡ್ರಪ್ಪ" ಅಂತ ದೊಡ್ಡದಾಗಿ ಹೇಳುತ್ತಿದ್ದೆ.

ಅದು ತಪ್ಪು ಅಂತ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಕೋಟಾಸಾರಸ್ ಜುರಾಸಿಕ್ ಕಾಲದ್ದು, ಸುಣ್ಣಕಲ್ಲಿನ ಪದರಗಳೂ ಇರುವ ಕೋಟಾ ಶಿಲಾಶ್ರೇಣಿಯದ್ದು. ನಾನು ಹೇಳುತ್ತಿದ್ದ ಕೆಂಪು ಮಣ್ಣು ಮಲೇರಿ ಶಿಲಾಶ್ರೇಣಿಯದು. ಅದು ಇನ್ನೂ ಹಳೆಯದು, ಟ್ರಯಾಸಿಕ್ ಕಾಲದ್ದು. ಎರಡಕ್ಕೂ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ. ಒಂದೇ ಸಮಾಧಾನ ಏನೆಂದರೆ, ಇದೇ ಗೊಂದಲದಲ್ಲಿ ನನಗಿಂತ ಮೊದಲು ದೊಡ್ಡ ದೊಡ್ಡ ವಿದ್ವಾಂಸರೂ ಬಿದ್ದಿದ್ದರು. ಅವರು ಅದರಿಂದ ಹೊರಗೆ ಬರಲು ನೂರು ವರ್ಷ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಕಲ್ಲಿನ ವಿಷಯ. ಕರ್ನಾಟಕದವರಿಗೆ ಕಲ್ಲು ಹೊಸದೇನಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹೈದರಾಬಾದಿನ ಬಂಡೆಗಳಿಗೂ 250 ಕೋಟಿ ವರ್ಷ ಆಗಿದೆ. ನಮ್ಮ ಕಲಬುರಗಿ ಕಡೆಯ ಶಹಾಬಾದಿ ಪರ್ಸಿ ಇದೆಯಲ್ಲ, ಹೈದರಾಬಾದಿನ ಹಳೇ ಮನೆಗಳ ನೆಲಕ್ಕೆಲ್ಲ ಹಾಸಿರುವ ಕಲ್ಲು, ಅದು ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಆದ ಕಲ್ಲೇ. ಆದರೂ ಅದರಲ್ಲಿ ಎಲುಬು ಹುಡುಕಿದರೆ ಸಿಗುವುದಿಲ್ಲ. ಎಲುಬು ಇರುವ ಪ್ರಾಣಿ ಭೂಮಿಯ ಮೇಲೆ ಹುಟ್ಟುವ ಮೊದಲೇ ಅದು ಕಲ್ಲಾಗಿತ್ತು. ಅದಾದ ಮೇಲಿನ ಟ್ರಯಾಸಿಕ್ ಕಾಲ, ಅಂದರೆ 25.2 ಕೋಟಿ ವರ್ಷದಿಂದ 20.1 ಕೋಟಿ ವರ್ಷದ ಹಿಂದಿನವರೆಗಿನ ಕಾಲದ ಪದರ ಶಿಲೆ ಕರ್ನಾಟಕದಲ್ಲಿ ಇಲ್ಲ. ನಮ್ಮ ನೆಲ ಆಗ ಎತ್ತರದಲ್ಲಿ ನಿಂತು ಸವೆಯುತ್ತಿತ್ತು. ಸವೆಯುವ ಜಾಗದಲ್ಲಿ ಇತಿಹಾಸ ಉಳಿಯುವುದಿಲ್ಲ, ತುಂಬುವ ಜಾಗದಲ್ಲಿ ಉಳಿಯುತ್ತದೆ.

ಹಾಗೆ ತುಂಬಿಕೊಂಡ ಜಾಗ ಪ್ರಾಣಹಿತಾ–ಗೋದಾವರಿ ಕಣಿವೆ. ಭೂಮಿಯ ಚಿಪ್ಪು ಉದ್ದಕ್ಕೆ ಬಿರಿದು, ನಡುವಿನ ಭಾಗ ನಿಧಾನವಾಗಿ ಕುಸಿಯುತ್ತಾ ಹೋಯಿತು. ಕುಸಿದಷ್ಟೂ ನದಿಗಳು ಮರಳು, ಮಣ್ಣು ತಂದು ಸುರಿದವು. ತಳದಲ್ಲಿ ಕಲ್ಲಿದ್ದಲಿನ ಕಪ್ಪು ಪದರ. ಸಿಂಗರೇಣಿಯ ಗಣಿಗಳು ಅಗೆಯುವುದು ಅದನ್ನೇ. ಅದರ ಮೇಲೆ ಮರಳುಗಲ್ಲು, ಕೆಂಪು ಜೇಡಿ, ಮತ್ತೆ ಮರಳುಗಲ್ಲು, ಮತ್ತೆ ಕೆಂಪು ಜೇಡಿ, ಇನ್ನೂ ಮೇಲೆ ಸುಣ್ಣಕಲ್ಲು. ಈ ಇಡೀ ಕಟ್ಟಿಗೆ ಗೊಂಡ್ವಾನ ಅಂತ ಹೆಸರು. 1870ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮೆಡ್ಲಿಕಾಟ್ ಮೊದಲಾದವರು ಗೊಂಡರ ನಾಡಿನಿಂದ ತೆಗೆದುಕೊಂಡ ಹೆಸರು ಇದು. ಮುಂದೆ ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಮಹಾಖಂಡಕ್ಕೂ ಅದೇ ಹೆಸರು ಅಂಟಿಕೊಂಡಿತು. ಆದಿಲಾಬಾದ್ ಗೊಂಡರ ಜಿಲ್ಲೆಯೇ. 2016ರಲ್ಲಿ ಅದನ್ನು ಒಡೆದಾಗ ಒಂದು ಭಾಗಕ್ಕೆ ಗೊಂಡರ ನಾಯಕ ಕೊಮರಂ ಭೀಮನ ಹೆಸರಿಟ್ಟರು. ನಿಜಾಮರ ಕಾಲದಲ್ಲಿ ನಮ್ಮ ಕಲಬುರಗಿ, ಬೀದರ್, ರಾಯಚೂರಿನ ಹಾಗೆ ಅದೂ ಹೈದರಾಬಾದ್ ಸಂಸ್ಥಾನದ್ದೇ ಸೀಮೆ.

ಮಲೇರಿ ಆ ಸೀಮೆಯ ಒಂದು ಸಣ್ಣ ಹಳ್ಳಿ. ಅದರ ಹೆಸರು ಹೊರಗೆ ಹೋಗಲು ಕಾರಣ ಸ್ಟೀಫನ್ ಹಿಸ್ಲಪ್ ಎಂಬ ಪಾದ್ರಿ. 1845ರಲ್ಲಿ ಸ್ಕಾಟ್ಲೆಂಡಿನಿಂದ ನಾಗಪುರಕ್ಕೆ ಬಂದವರು. ಧರ್ಮಪ್ರಚಾರದ ಜೊತೆಗೆ ಗೊಂಡರ ಹಾಡು-ಕಥೆಗಳನ್ನು ಬರೆದುಕೊಳ್ಳುವುದು, ಸುತ್ತಲಿನ ಕಲ್ಲುಗಳನ್ನು ಕೂಡಿಹಾಕುವುದು ಅವರ ಹವ್ಯಾಸ. ಹಾಗೆ ಕೂಡಿಹಾಕಿದ್ದರಲ್ಲಿ ಮಲೇರಿಯ ಕೆಂಪು ಮಣ್ಣಿನಿಂದ ಬಂದ ಕೆಲವು ವಿಚಿತ್ರ ಹಲ್ಲುಗಳಿದ್ದವು. ಅಂಗೈ ಮಡಚಿದಂತೆ ಏಣು ಏಣಾದ ಹಲ್ಲುಗಳು. ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್ 1859ರಲ್ಲಿ ಅವನ್ನು ಸೆರಾಟೋಡಸ್ ಎಂಬ ಮೀನಿನವು ಅಂತ ಗುರುತಿಸಿ, ಒಂದಕ್ಕೆ ಹಿಸ್ಲಪ್ಪರ ಹೆಸರನ್ನೇ ಇಟ್ಟರು. ಸೆರಾಟೋಡಸ್ ಯುರೋಪಿನ ಟ್ರಯಾಸಿಕ್ ಕಲ್ಲುಗಳಲ್ಲಿ ಚೆನ್ನಾಗಿ ಗೊತ್ತಿದ್ದ ಮೀನು. ಆ ಬಳಗ ಯಾವತ್ತೋ ಅಳಿದುಹೋಯಿತು ಅಂತ ಎಲ್ಲರೂ ತಿಳಿದಿದ್ದರು. ಹನ್ನೊಂದು ವರ್ಷ ಕಳೆದು, 1870ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಹೊಳೆಯಲ್ಲಿ ಅದೇ ಥರದ ಹಲ್ಲಿನ ಮೀನು ಜೀವಂತವಾಗಿ ಸಿಕ್ಕಿತು! ಕಿವಿರಿನ ಜೊತೆಗೆ ಶ್ವಾಸಕೋಶವೂ ಇರುವ ಮೀನು ಅದು.

ಹಿಸ್ಲಪ್ಪರಿಗೆ ಇದು ಗೊತ್ತಾಗಲೇ ಇಲ್ಲ. 1863ರಲ್ಲಿ ನಾಗಪುರದ ಸಮೀಪ ತುಂಬಿದ ಹಳ್ಳ ದಾಟುವಾಗ ಮುಳುಗಿ ತೀರಿಕೊಂಡಿದ್ದರು.

ಮೀನಿನ ಹಲ್ಲಿನಿಂದ ವಯಸ್ಸಿನ ಸುಳಿವು ಸಿಕ್ಕಿತು, ಗಟ್ಟಿ ಸಾಕ್ಷಿ ಸಿಗಲಿಲ್ಲ. ಅದು ಬಂದದ್ದು ಇಂಗ್ಲೆಂಡಿನಲ್ಲಿದ್ದ ಥಾಮಸ್ ಹೆನ್ರಿ ಹಕ್ಸ್‌ಲಿಯಿಂದ. ಸ್ಕಾಟ್ಲೆಂಡಿನ ಎಲ್ಗಿನ್ ಊರಿನ ಸುತ್ತ ಮರಳುಗಲ್ಲಿನ ಗಣಿಗಳಿವೆ. ಆ ಕಲ್ಲು 36 ಕೋಟಿ ವರ್ಷಕ್ಕಿಂತ ಹಳೆಯದಾದ ಡೆವೋನಿಯನ್ ಕಾಲದ್ದು ಅಂತ ಆಗಿನ ಭೂವಿಜ್ಞಾನದ ದೊಡ್ಡವರೆಲ್ಲ ನಂಬಿದ್ದರು. ಅದರಲ್ಲಿ ಸಿಕ್ಕಿದ ಒಂದು ಸರೀಸೃಪಕ್ಕೆ 1859ರಲ್ಲಿ ಹಕ್ಸ್‌ಲಿ ಹೈಪರೋಡಪೆಡಾನ್ ಅಂತ ಹೆಸರಿಟ್ಟರು. ಹಂದಿಯಷ್ಟು ದಪ್ಪ, ಮುಂದೆ ಕೊಕ್ಕಿನಂಥ ಮೂತಿ, ಸೊಪ್ಪು-ಬೇರು ತಿನ್ನುವ ಪ್ರಾಣಿ. ಮೇಲ್ದವಡೆಯ ಅಗಲವಾದ ಎಲುಬಿನ ತುಂಬ ಸಾಲು ಸಾಲು ಹಲ್ಲು, ಸಾಲುಗಳ ನಡುವೆ ಒಂದು ತೋಡು. ಕೆಳದವಡೆಯ ಅಲಗು ಬಂದು ಆ ತೋಡಿನಲ್ಲಿ ಕೂರುತ್ತದೆ. ನಮ್ಮ ಅಡಕತ್ತರಿಯನ್ನು ನೆನೆಸಿಕೊಂಡರೆ ಸಾಕು. ಇಂಥ ದವಡೆ ಒಮ್ಮೆ ನೋಡಿದವರು ಮರೆಯುವುದಿಲ್ಲ, ಬೇರೆ ಪ್ರಾಣಿಯದು ಅಂತ ತಪ್ಪು ತಿಳಿಯುವುದೂ ಕಷ್ಟ.

1869ರಲ್ಲಿ ಹಕ್ಸ್‌ಲಿ ಇದೇ ಪ್ರಾಣಿಯ ಬಗ್ಗೆ ಮತ್ತೆ ಬರೆದಾಗ, ಇಂಗ್ಲೆಂಡಿನ ಟ್ರಯಾಸಿಕ್ ಕಲ್ಲಿನಲ್ಲಿ ಮತ್ತು ಭಾರತದ ಮಲೇರಿಯಲ್ಲಿ ಕೂಡ ಇದರ ದವಡೆಗಳು ಸಿಕ್ಕಿವೆ ಅಂತ ಹೇಳಿದರು. ಎಲ್ಗಿನ್ನಿನ ಕಲ್ಲು ಡೆವೋನಿಯನ್ ಅಲ್ಲ, ಅದಕ್ಕಿಂತ ಎಷ್ಟೋ ಈಚಿನ ಟ್ರಯಾಸಿಕ್ ಅಂತ ಆಯಿತು. ಮಲೇರಿಯ ಮಣ್ಣೂ ಅದೇ ಕಾಲದ್ದು ಅಂತ ಆಯಿತು. ಆದಿಲಾಬಾದಿನ ಕಾಡು ಮತ್ತು ಸ್ಕಾಟ್ಲೆಂಡಿನ ಕಡಲತೀರ, ಎರಡಕ್ಕೂ ಒಂದೇ ಪ್ರಾಣಿ ಸಾಕ್ಷಿ ಹೇಳಿತು. ಆಗ ಇದು ಒಗಟಿನಂತೆ ಕಂಡಿರಬೇಕು. ಈಗ ನಮಗೆ ಗೊತ್ತು, ಆ ಕಾಲದಲ್ಲಿ ಭೂಖಂಡಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು, ಪ್ರಾಣಿಗಳು ನಡೆದುಕೊಂಡೇ ಹರಡಿದ್ದವು. ಬ್ರೆಜಿಲ್, ಅರ್ಜೆಂಟೀನಾಗಳಲ್ಲೂ ಹೈಪರೋಡಪೆಡಾನ್ ಸಿಕ್ಕಿದೆ.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಯಾಕೆಂದರೆ ಮಲೇರಿಗಿಂತ ಮೊದಲೇ, ಪ್ರಾಣಹಿತಾ ನದಿಯ ಆಚೆ ದಡದಲ್ಲಿ, ಸಿರೊಂಚದ ಹತ್ತಿರದ ಕೋಟಾ ಎಂಬ ಹಳ್ಳಿಯ ಸುಣ್ಣಕಲ್ಲಿನಲ್ಲಿ ಹೊಳೆಯುವ ಹುರುಪೆಗಳ ಮೀನುಗಳು ಸಿಕ್ಕಿದ್ದವು. ಅವನ್ನು ನೋಡಿದವರು ಜುರಾಸಿಕ್ ಅಂದರು. ಮಲೇರಿಯ ಹಲ್ಲು, ದವಡೆ ನೋಡಿದವರು ಟ್ರಯಾಸಿಕ್ ಅಂದರು. ಎರಡೂ ಒಂದೇ ಕಣಿವೆ, ಅಕ್ಕಪಕ್ಕದ ಕಲ್ಲು. ಕಣಿವೆಯ ಮೊದಲ ದೊಡ್ಡ ವರದಿಯನ್ನು 1881ರಲ್ಲಿ ಪ್ರಕಟಿಸಿದ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಎರಡನ್ನೂ ಸೇರಿಸಿ 'ಕೋಟಾ–ಮಲೇರಿ' ಅಂತ ಒಂದೇ ಗುಂಪು ಮಾಡಿದರು. ಕಿಂಗ್ ಸಾಮಾನ್ಯರಲ್ಲ. 1871ರಲ್ಲಿ ಯಲ್ಲಂದುವಿನ ಬಳಿ ಕಲ್ಲಿದ್ದಲು ಕಂಡುಹಿಡಿದು ಸಿಂಗರೇಣಿಗೆ ದಾರಿ ಮಾಡಿಕೊಟ್ಟವರು ಅವರೇ. ಆದರೆ ಕಲ್ಲಿದ್ದಲಿಗೆ ಇದ್ದ ಬೇಡಿಕೆ ಕೆಂಪು ಜೇಡಿಗೆ ಇರಲಿಲ್ಲ. ಅದರಲ್ಲಿ ಇಂಗ್ಲಿಷ್ ಸರಕಾರಕ್ಕೂ ನಿಜಾಮ ಸರಕಾರಕ್ಕೂ ಬೇಕಾದದ್ದು ಏನೂ ಇರಲಿಲ್ಲ.

ಹೀಗಾಗಿ ಎಲುಬುಗಳು ಪೆಟ್ಟಿಗೆಯಲ್ಲಿ ಹೋಗುತ್ತಿದ್ದವು, ಹೆಸರುಗಳು ಬರುತ್ತಿದ್ದವು. 1885ರಲ್ಲಿ ರಿಚರ್ಡ್ ಲೈಡೆಕರ್ ಮಲೇರಿಯ ಚೂರುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮೊಸಳೆಯಂತೆ ಕಾಣುವ ಒಂದು ಪ್ರಾಣಿಯನ್ನು ಪ್ಯಾರಾಸುಕಸ್ ಹಿಸ್ಲಪೈ ಅಂತ ಕರೆದರು. 1940ರಲ್ಲಿ ಜರ್ಮನಿಯ ಫಾನ್ ಹ್ಯೂನ ಇನ್ನೊಂದು ಪುಸ್ತಕ ಬರೆದರು. ಎಲ್ಲವೂ ಚೂರುಗಳ ಮೇಲೆ. ಯಾವ ಚೂರು ಯಾವ ಪದರದ್ದು, ಕೆಳಗಿನದೋ ಮೇಲಿನದೋ, ಅದರ ಪಕ್ಕದಲ್ಲಿ ಇನ್ನೇನಿತ್ತು? ಇದನ್ನು ಹೇಳಬಲ್ಲವರು ಯಾರೂ ಇರಲಿಲ್ಲ.

ಇದನ್ನು ಬಿಡಿಸಲು ಮುಂದೆ ಬಂದದ್ದು ಯಾವ ಸಂಸ್ಥೆ ಗೊತ್ತೆ? ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ! ಅದರ ಸ್ಥಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಪಂಚವಾರ್ಷಿಕ ಯೋಜನೆಯ ಲೆಕ್ಕದವರು ಅಂತಲೇ ನಮಗೆ ಗೊತ್ತು. ನಿಸರ್ಗದಲ್ಲಿ ಅಳೆಯಲು ಬರುವುದೆಲ್ಲ ಸಂಖ್ಯಾಶಾಸ್ತ್ರದ ಹೊಲವೇ ಅಂತ ತಿಳಿದಿದ್ದವರು ಅವರು. 1957ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಮೇಲಾ ರಾಬಿನ್ಸನ್ ಎಂಬ ಪಳೆಯುಳಿಕೆ ತಜ್ಞೆಯನ್ನು ಕರೆಸಿ ಸಂಸ್ಥೆಯಲ್ಲಿ ಭೂವಿಜ್ಞಾನದ ವಿಭಾಗ ಶುರುಮಾಡಿಸಿದರು. ರಾಬಿನ್ಸನ್, ಸೋಹನ್‌ಲಾಲ್ ಜೈನ್, ತಪನ್ ರಾಯ್‌ಚೌಧುರಿ, ಆಮೇಲೆ ಟಿ.ಎಸ್. ಕುಟ್ಟಿ, ಶಂಕರ್ ಚಟರ್ಜಿ ವರ್ಷ ವರ್ಷವೂ ಆದಿಲಾಬಾದಿಗೆ ಹೋದರು.

ಇವರು ಮಾಡಿದ್ದು ಮೇಲ್ನೋಟಕ್ಕೆ ಬಹಳ ಸರಳ. ನಡೆದರು. ಅಲ್ಲಿಯ ಪದರಗಳು ಈಶಾನ್ಯದ ಕಡೆಗೆ ಸ್ವಲ್ಪ ವಾಲಿಕೊಂಡಿವೆ. ಒಪ್ಪವಾಗಿ ಜೋಡಿಸಿದ ರೊಟ್ಟಿಗಳ ಸಾಲನ್ನು ಪಕ್ಕಕ್ಕೆ ಸರಿಸಿದ ಹಾಗೆ. ಹಾಗಾಗಿ ನೈಋತ್ಯದಿಂದ ಈಶಾನ್ಯಕ್ಕೆ, ಅಂದರೆ ಪ್ರಾಣಹಿತಾ ಕಡೆಗೆ ನಡೆದರೆ ಹಳೆಯ ಪದರದಿಂದ ಹೊಸ ಪದರಕ್ಕೆ ನಡೆದಂತೆ. 1964ರಲ್ಲಿ ಜೈನ್, ರಾಬಿನ್ಸನ್, ರಾಯ್‌ಚೌಧುರಿ ಮಲೇರಿಗಿಂತ ಹಳೆಯದಾದ ಇನ್ನೊಂದು ಕೆಂಪು ಜೇಡಿಯನ್ನೂ ಅದರ ಪ್ರಾಣಿಗಳನ್ನೂ ಗುರುತಿಸಿದರು. ಅದು ಯರ್ರಪಲ್ಲಿ ಶ್ರೇಣಿ. ಅದಕ್ಕೂ ಮಲೇರಿಗೂ ನಡುವೆ ಭೀಮಾರಂ ಮರಳುಗಲ್ಲು. 1969ರಲ್ಲಿ ಕುಟ್ಟಿ ಮಲೇರಿಗೂ ಕೋಟಾಕ್ಕೂ ನಡುವೆ ಧರ್ಮಾರಂ ಎಂಬ ಬೇರೆಯೇ ಶ್ರೇಣಿ ಇದೆ ಅಂತ ತೋರಿಸಿದರು. ಹೆಸರಿನಲ್ಲಿ ಒಂದು ಅಡ್ಡಗೆರೆಯಿಂದ ಅಂಟಿಸಿದ್ದ ಕೋಟಾ ಮತ್ತು ಮಲೇರಿ ನಡುವೆ ಅಷ್ಟು ದಪ್ಪದ ಕಲ್ಲು, ಅಷ್ಟು ಉದ್ದದ ಕಾಲ ಇತ್ತು! ನಮಗೆ ಸಂತೋಷದ ಸಂಗತಿ ಅಂದರೆ ಕುಟ್ಟಿಯವರ ಆ ಲೇಖನ ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ. ಆ ಸೊಸೈಟಿಯನ್ನು ಕಟ್ಟಿದವರಲ್ಲಿ ನಮ್ಮ ಬಿ.ಪಿ. ರಾಧಾಕೃಷ್ಣ ಒಬ್ಬರು.

ಜಾಗ ಗೊತ್ತಾದ ಮೇಲೆ ಎಲುಬುಗಳು ಮಾತಾಡತೊಡಗಿದವು.

ಮಲೇರಿಯ ಕೆಂಪು ಜೇಡಿ, ಹೊಳೆ ಉಕ್ಕಿ ಬಯಲಿನ ಮೇಲೆ ಹರಡಿದ ಮಣ್ಣು. ನಡುನಡುವೆ ಸಿಗುವ ಮರಳುಗಲ್ಲಿನ ಪಟ್ಟಿಗಳು ಹೊಳೆಯ ಪಾತ್ರಗಳು. ಕೆಲವು ಪಟ್ಟಿಗಳಲ್ಲಿ ಮರಳಿಗಿಂತ ಸುಣ್ಣದ ಹರಳೇ ಹೆಚ್ಚು. ನಮ್ಮ ಕಡೆ ಎರೆ ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಸುಣ್ಣದ ಹರಳಿನಂಥವೇ. ಮಳೆಗಾಲ ಒಂದು, ಬಿರುಬೇಸಗೆ ಒಂದು ಇರುವ ಸೀಮೆಯಲ್ಲಿ ಮಣ್ಣಿನ ನೀರು ಆರುವಾಗ ಅದರಲ್ಲಿನ ಸುಣ್ಣ ಹೀಗೆ ಗಂಟು ಕಟ್ಟುತ್ತದೆ. ಪ್ರವಾಹ ಬಂದಾಗ ಆ ಗಂಟುಗಳನ್ನೂ, ಮೀನಿನ ಹಲ್ಲುಗಳನ್ನೂ, ಕಲ್ಲಾಗಲಿದ್ದ ಲದ್ದಿಯನ್ನೂ ಒಟ್ಟಿಗೆ ಉರುಳಿಸಿಕೊಂಡು ಬಂದು ರಾಶಿ ಹಾಕಿದೆ. ಅಂದರೆ 22 ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಮಳೆಗಾಲ ಮತ್ತು ಬರ ಎರಡೂ ಇದ್ದವು. ಶ್ವಾಸಕೋಶದ ಮೀನು ಅಲ್ಲಿ ಯಾಕಿತ್ತು ಅಂತ ಈಗ ಅರ್ಥವಾಗುತ್ತದೆ. ಹೊಳೆ ನಿಂತು, ಮಡುವಿನ ನೀರು ಕೆಟ್ಟಾಗಲೂ ಅದು ಗಾಳಿ ಕುಡಿದು ಬದುಕಬಲ್ಲದು.

ಲೈಡೆಕರ್ ಚೂರುಗಳಲ್ಲಿ ಕಂಡಿದ್ದ ಪ್ಯಾರಾಸುಕಸ್ಸಿನ ಪೂರ್ತಿ ಅಸ್ಥಿಪಂಜರಗಳೇ ಸಿಕ್ಕವು. ಜೋಡಿಯಾಗಿ ಬಿದ್ದಿದ್ದ ಎರಡರ ಹೊಟ್ಟೆಯ ಜಾಗದಲ್ಲಿ ಬೇರೊಂದು ಸರೀಸೃಪದ ಎಲುಬುಗಳಿದ್ದವು, ಕೊನೆಯ ಊಟ. ಹೊಟ್ಟೆಯೊಳಗಿದ್ದ ಆ ಪ್ರಾಣಿ ವಿಜ್ಞಾನಕ್ಕೆ ಹೊಸದು. 1980ರಲ್ಲಿ ಚಟರ್ಜಿ ಅದಕ್ಕೆ ಮಲೇರಿಸಾರಸ್ ರಾಬಿನ್ಸನೇ ಅಂತ ಹೆಸರಿಟ್ಟರು, ಊರಿನ ಹೆಸರು ಮತ್ತು ಗುರುವಿನ ಹೆಸರು ಸೇರಿಸಿ. ಹಳೆಯ ಚೂರುಗಳಿಂದ ಪ್ಯಾರಾಸುಕಸ್ಸನ್ನು ಖಚಿತವಾಗಿ ಗುರುತಿಸಲು ಆಗುವುದಿಲ್ಲ ಅಂತ ಮುಂದೆ ತಕರಾರು ಎದ್ದಾಗ, ಪ್ರಾಣಿಗಳ ಹೆಸರಿನ ತಂಟೆ ತೀರಿಸುವ ಅಂತರರಾಷ್ಟ್ರೀಯ ಆಯೋಗ 2003ರಲ್ಲಿ ಕಲ್ಕತ್ತೆಯಲ್ಲಿರುವ ಪೂರ್ತಿ ಅಸ್ಥಿಪಂಜರವನ್ನೇ ಮಾದರಿಯಾಗಿ ಒಪ್ಪಿತು.

ಎಲ್ಲವೂ ಹೀಗೆ ಸಲೀಸಾಗಿ ಆಗಲಿಲ್ಲ. 1987ರಲ್ಲಿ ಚಟರ್ಜಿ ಮಲೇರಿಯಿಂದ ಒಂದು ಪುಟ್ಟ ಡೈನೋಸಾರ್ ಘೋಷಿಸಿದರು, ವಾಕೇರಿಯಾ ಅಂತ. ಆ ಹೆಸರು ಆಗಲೇ ಒಂದು ಕಡಲ ಜೀವಿಗೆ ಹೋಗಿತ್ತು. 1994ರಲ್ಲಿ ಆಲ್ವಾಕೇರಿಯಾ ಅಂತ ತಿದ್ದಿದರು. ಆಮೇಲೆ ಬೇರೆಯವರು ನೋಡಿ, ಇದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಾಣಿಗಳ ಎಲುಬು ಬೆರೆತಿವೆ ಅಂದರು. ಜಾಗ ಗೊತ್ತಿದ್ದೂ ಹೀಗಾಗುತ್ತದೆ ಅಂದ ಮೇಲೆ ಗೊತ್ತಿಲ್ಲದೆ ಹೋಗಿದ್ದರೆ?

ಪದರ ಬಿಡಿಸಿ ನೋಡಿದ್ದಕ್ಕೆ ಸಿಕ್ಕಿದ ದೊಡ್ಡ ಫಲ ಇನ್ನೊಂದು. ಮಲೇರಿಯನ್ನೇ ಕೆಳಗಿನದು, ಮೇಲಿನದು ಅಂತ ಎರಡು ಮಾಡಬಹುದು. ಕೆಳಗಿನದರಲ್ಲಿ ಹೈಪರೋಡಪೆಡಾನ್ ರಾಶಿ ರಾಶಿ, ಡೈನೋಸಾರ್ ಅಪರೂಪ. ಮೇಲಿನದರಲ್ಲಿ ಅಡಕತ್ತರಿ ದವಡೆಯವರ ಬಳಗ ಹೆಚ್ಚುಕಡಿಮೆ ಕಾಣೆ, ಡೈನೋಸಾರ್‌ಗಳ ಬಗೆಗಳು ಹೆಚ್ಚು. ಕುಟ್ಟಿ ಮತ್ತು ಅವರ ಜೊತೆಯವರು ತಂದಿಟ್ಟಿದ್ದ ಎಲುಬುಗಳನ್ನು ಅರ್ಜೆಂಟೀನಾದ ವಿಜ್ಞಾನಿಗಳ ಜೊತೆ ಸೇರಿ ನೋಡಿದಾಗ ಜಕ್ಲಪಲ್ಲಿಸಾರಸ್, ನಂಬಾಲಿಯಾ ಎಂಬ ಹೊಸ ಡೈನೋಸಾರ್‌ಗಳು ಹೊರಬಂದವು. ಎರಡೂ ಅಲ್ಲಿಯ ಹಳ್ಳಿಗಳ ಹೆಸರು. 2025ರಲ್ಲಿ ಮೇಲಿನ ಮಲೇರಿಯಿಂದ ಒಂದು ಮಾಂಸಾಹಾರಿ ಡೈನೋಸಾರ್‌ಗೆ ಹೆಸರಾಯಿತು, ಮಲೇರಿರ‍್ಯಾಪ್ಟರ್ ಕುಟ್ಟಿ. ಅದರ ಎಲುಬು ಕುಟ್ಟಿಯವರು 1980ರ ದಶಕದ ಮೊದಲಲ್ಲಿ ಅಣ್ಣಾರಂ ಎಂಬ ಹಳ್ಳಿಯ ಹತ್ತಿರ ಎತ್ತಿಟ್ಟಿದ್ದು. ನಾಲ್ಕು ದಶಕ ಪೆಟ್ಟಿಗೆಯಲ್ಲಿದ್ದರೂ ಕೆಡಲಿಲ್ಲ, ಏಕೆಂದರೆ ಜೊತೆಗೆ ಅದರ ಜಾಗದ ಟಿಪ್ಪಣಿ ಇತ್ತು. ಧರ್ಮಾರಂ ಶ್ರೇಣಿಯ ಒಂದು ಡೈನೋಸಾರ್‌ಗೆ ಪ್ರಧಾನಿಯಾ ಅಂತ ಹೆಸರು. ಅದು ಯಾವ ಪ್ರಧಾನಿಯದೂ ಅಲ್ಲ, ಸಂಸ್ಥೆಗಾಗಿ ಎಲುಬು ಹುಡುಕುತ್ತಿದ್ದ ಧುಯಿಯಾ ಪ್ರಧಾನ್ ಎಂಬವರದು. ಇದು ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಒಂದು ಚಳಿಗಾಲದಲ್ಲಿ ರೈಲಿನಲ್ಲಿ ಮಂಚಿರ್ಯಾಲಕ್ಕೆ ಹೋಗಿ, ಅಲ್ಲಿಂದ ಚೆನ್ನೂರಿನ ಬಸ್ಸು ಹತ್ತಿ ಭೀಮಾರಂನಲ್ಲಿ ಇಳಿದೆ. ಡೈನೋಸಾರ್ ಸಿನಿಮಾದ ಥರ ಏನೂ ಇಲ್ಲ ಅಲ್ಲಿ. ಹತ್ತಿ ಹೊಲ, ಕುರುಚಲು ಕಾಡು, ನಡುವೆ ಮಳೆನೀರು ಕೊರೆದ ಕೆಂಪು ಕೊರಕಲುಗಳು. ಒಂದು ಕೊರಕಲಿನಲ್ಲಿ ಬಗ್ಗಿ ನೋಡುತ್ತಿದ್ದಾಗ ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಂತರು. ಏನು ಕಳೆದುಕೊಂಡೆ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಮೀದಿ ಏ ಊರು?"

ನಿಮ್ಮದು ಯಾವ ಊರು ಅಂತ. ಹೈದರಾಬಾದ್ ಅಂದೆ. "ಅದು ಇರೋ ಊರು, ನಿಮ್ಮದು ಯಾವುದು?" ಅಂತ ಮತ್ತೆ ಕೇಳಿದರು. ನನ್ನ ತೆಲುಗು ಮಾತಿನಲ್ಲೇ ಗೊತ್ತಾಗಿರಬೇಕು. ಕಲಬುರಗಿ ಅಂದಾಗ ಸಮಾಧಾನವಾಯಿತು, ಬೀಡಿ ಹಚ್ಚಿಕೊಂಡು ಮಾತಿಗೆ ಕೂತರು. ಹಿಂದೆಯೂ ಕಲ್ಕತ್ತೆಯವರು ಬಂದು ಹೀಗೇ ನೆಲ ನೋಡುತ್ತಾ ತಿರುಗುತ್ತಿದ್ದರು ಅಂದರು.

ಹೊರಡುವಾಗ ಕಾಲ ಬಳಿ ಬೆರಳಿನಷ್ಟು ಉದ್ದದ, ಒಳಗೆ ಸಣ್ಣ ಸಣ್ಣ ತೂತುಗಳ ಒಂದು ಚೂರು ಕಂಡಿತು. ಎಲುಬೇ ಇರಬಹುದು. ಜೇಬಿಗೆ ಹಾಕಿಕೊಳ್ಳಬೇಕು ಅನ್ನಿಸಿದ್ದು ಸುಳ್ಳಲ್ಲ. ಹೈದರಾಬಾದಿನ ಶೋಕೇಸಿನಲ್ಲಿ ಇಟ್ಟರೆ ನೆಂಟರಿಗೆ ತೋರಿಸಬಹುದಿತ್ತು. ಆದರೆ ನಾನು ಸತ್ತ ಮೇಲೆ ಅದು ಯಾವ ಪದರದ್ದು, ಯಾವ ಹಳ್ಳಿಯದ್ದು ಅಂತ ಹೇಳುವವರು ಯಾರು? ಮತ್ತೊಂದು ಕೋಟಾ–ಮಲೇರಿ ಚೂರು ಆಗುತ್ತಿತ್ತು, ಅಷ್ಟೇ. ಇದ್ದಲ್ಲೇ ಬಿಟ್ಟು ಬಂದೆ. ನೀವು ಯಾರಾದರೂ ಆ ಕಡೆ ಹೋದರೆ ಹಾಗೇ ಮಾಡಿ. ತಿಳಿದವರು ಎತ್ತಿಕೊಳ್ಳಲಿ, ಜಾಗ ಬರೆದಿಟ್ಟುಕೊಂಡು ಎತ್ತಿಕೊಳ್ಳಲಿ.

ಮೊನ್ನೆ ಮತ್ತೆ ನೆಂಟರು ಬಂದಿದ್ದರು, ಮತ್ತೆ ನೌಬತ್ ಪಹಾಡಿಗೆ ಹೋದೆವು. ಕೋಟಾಸಾರಸ್ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದೆ. ಈ ಸಲ ಸರಿಯಾಗಿ ಹೇಳಿದೆ. "ಇದು ಕೆಂಪು ಮಣ್ಣಿನದಲ್ಲ. ಕೆಂಪು ಮಣ್ಣು ಇದರ ಮುತ್ತಜ್ಜನ ಕಾಲದ್ದು. ಇದರ ಊರು ಯಾಮನಪಲ್ಲಿ."